ಊಟ ಬಲ್ಲವರ ಮನೆಯ ಮಾತು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಸಕ್ಕರೆ ಕಾಯಿಲೆಯ ಮಾತು ಬಂದಾಗಲೆಲ್ಲ ಈ ಗಾದೆಯ ಮೊದಲರ್ಧ ಹೇಳಿ ನಿಲ್ಲಿಸುತ್ತೇವೆ. ಶುಗರ್ ಬಂದ ಮನೆಗೆ ಎರಡೂ ಅರ್ಧ ಬೇಕು.

ಊಟ ಬಲ್ಲವನಿಗೆ ತಟ್ಟೆಯಲ್ಲಿರುವುದು ರಕ್ತಕ್ಕೆ ಸೇರಿ ಏನಾಗುತ್ತದೆಂದು ಗೊತ್ತಿರಬೇಕು. ಮೇಲಿಂದ ಬೆರೆಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಇದು ಕಾಯಿಲೆಯಿಲ್ಲದವರಿಗೂ ಹೇಳಿದ ಮಾತು. ಲೋಟಕ್ಕೆ ಎರಡು ಚಮಚದಂತೆ ಮೂರು ಸಲ ಕಾಫಿ ಕುಡಿದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದೆ ಎಂದು ಸಮಾಧಾನಪಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೆಲ್ಲದ ಬಹುಪಾಲು ಅದೇ ಸುಕ್ರೋಸ್. ಜೇನುತುಪ್ಪವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ‘ಶುಗರ್ ಫ್ರೀ’ ಬಿಸ್ಕತ್ತಿನಲ್ಲಿ ಮೈದಾ ಇದ್ದರೆ ಅದೂ ಕೊನೆಗೆ ಗ್ಲೂಕೋಸೇ. ಪಾಲಿಶ್ ಅಕ್ಕಿಯ ಅನ್ನ ನಾಲಗೆಗೆ ಸಿಹಿಯಾಗದಿದ್ದರೂ ಹೊಟ್ಟೆಯಲ್ಲಿ ಬೇಗ ಸಕ್ಕರೆಯಾಗುತ್ತದೆ. ಚಮಚ ಎಣಿಸಿ, ಅನ್ನವನ್ನು ಎರಡೆರಡು ಸಲ ಹಾಕಿಸಿಕೊಂಡರೆ ಏನು ಬಂತು?

ನಮ್ಮ ಬಾಳೆಲೆಯಲ್ಲಿ ಕೋಸಂಬರಿ, ಪಲ್ಯ ಅನ್ನಕ್ಕಿಂತ ಮೊದಲೇ ಬೀಳುತ್ತವೆ. ಅವನ್ನು ಬದಿಗಿಟ್ಟು ಕಾಯದೆ, ತಿಂದು ಮುಗಿಸಿ ಆಮೇಲೆ ಅನ್ನ ಕಲಸಿದರೆ ಒಳ್ಳೆಯದು. ತರಕಾರಿಯ ನಾರು, ಹೆಸರುಬೇಳೆಯ ಪ್ರೋಟೀನು ಮೊದಲು ಹೊಟ್ಟೆ ಸೇರಿದರೆ ಊಟದ ನಂತರದ ಸಕ್ಕರೆ ಒಮ್ಮೆಲೇ ಜಿಗಿಯುವುದಿಲ್ಲ. ಬಲ್ಲವನ ಊಟದಲ್ಲಿ ಅಳತೆಯಷ್ಟೇ ಅಲ್ಲ, ಸರದಿಯೂ ಇದೆ.

‘ರೋಗವಿಲ್ಲ’ ಎಂಬುದನ್ನು ಮಾತ್ರ ನಾನು ಅಕ್ಷರಶಃ ಒಪ್ಪಲಾರೆ. ವಂಶದಲ್ಲಿ ಬಂದದ್ದನ್ನು ಊಟವೊಂದೇ ತಡೆಯಲಾರದು. ಟೈಪ್ 1 ಮಧುಮೇಹವಿರುವ ಮಗು ಸಿಹಿ ತಿಂದು ಕಾಯಿಲೆ ತಂದುಕೊಂಡದ್ದಲ್ಲ. ಅದರ ತಾಯಿಯ ಮುಂದೆ ಈ ಗಾದೆ ಹೇಳುವುದು ಕ್ರೌರ್ಯ.

ಇನ್ನು ಮಾತು. ಯುಗಾದಿಯ ದಿನ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ಬಂದವರು ‘ನಿಮಗೆ ಬೇಡ ಬಿಡಿ’ ಎಂದು ಗಟ್ಟಿಯಾಗಿ ಹೇಳಿ ಹಿರಿಯರ ಎಲೆ ದಾಟಿ ಹೋಗುತ್ತಾರೆ. ಅವರ ಮುಖ ಸಣ್ಣಗಾಗುತ್ತದೆ. ಸಂಜೆ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಸದ್ದಾಗುತ್ತದೆ. ಕದ್ದು ತಿಂದದ್ದಕ್ಕೆ ಅಳತೆಯೂ ಇಲ್ಲ, ರುಚಿಯೂ ಇಲ್ಲ. ಅದಕ್ಕಿಂತ ಅರ್ಧ ಹೋಳಿಗೆ ಪ್ರೀತಿಯಿಂದ ಬಡಿಸಿ ಅನ್ನವನ್ನು ಅಷ್ಟು ಕಡಿಮೆ ಮಾಡಬಹುದು, ಊಟವಾದ ಮೇಲೆ ಜೊತೆಗೆ ಹದಿನೈದು ನಿಮಿಷ ನಡೆಯಬಹುದು. ಎಚ್‌ಬಿಎ1ಸಿ ಪರೀಕ್ಷೆ ಹೇಳುವುದು ಎರಡು ಮೂರು ತಿಂಗಳ ಸರಾಸರಿಯನ್ನು. ಅಲ್ಲಿ ಹಬ್ಬದ ಅರ್ಧ ಹೋಳಿಗೆಗಿಂತ ದಿನದ ಕಾಫಿಯೇ ಹೆಚ್ಚು ತೂಗುತ್ತದೆ.

ಬೈಗುಳಕ್ಕೆ ಹೆದರಿದವರು ತಿಂದದ್ದನ್ನಷ್ಟೇ ಮುಚ್ಚಿಡುವುದಿಲ್ಲ, ತಲೆ ಸುತ್ತಿದ್ದನ್ನೂ ಮುಚ್ಚಿಡುತ್ತಾರೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟ ಇಳಿಸಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಕೈ ನಡುಗುತ್ತದೆ, ಮೈ ಬೆವರುತ್ತದೆ. ಆಗ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ತಕ್ಷಣ ಕುಡಿಸಬೇಕು. ‘ಯಾಕೋ ನಡುಕ ಬರ್ತಿದೆ’ ಎಂದು ಅವರು ಹಿಂಜರಿಯದೆ ಹೇಳಿದರೆ ತಾನೆ, ಮನೆಯವರು ಡಬ್ಬಿ ತರಲು ಓಡುವುದು?