ಇಳಿದು ಬಂದವನಿಗೆ ಒಂದಿಷ್ಟು ಜಾಗ

ಯೇಸು ಹುಟ್ಟಿದ ಪ್ರಸಂಗವನ್ನು ಸುವಾರ್ತೆಗಾರ ಲೂಕ ಒಂದು ಸರ್ಕಾರಿ ಆದೇಶದಿಂದ ಶುರುಮಾಡುತ್ತಾನೆ. ರೋಮ್ ಚಕ್ರವರ್ತಿ ಅಗಸ್ಟಸ್ ಜನಗಣತಿಗೆ ಅಪ್ಪಣೆ ಕೊಟ್ಟಿದ್ದಾನೆ. ಜನರೆಲ್ಲ ತಂತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು. ನಜರೇತಿನ ಬಡಗಿ ಯೋಸೇಫ, ತುಂಬು ಬಸುರಿ ಮರಿಯಳನ್ನು ಕರೆದುಕೊಂಡು ಹಲವು ದಿನಗಳ ದಾರಿ ಸವೆಸಿ ಬೆತ್ಲೆಹೇಮಿಗೆ ಬರುತ್ತಾನೆ. ಅಲ್ಲಿ ಇಳಿದುಕೊಳ್ಳಲು ಜಾಗವಿಲ್ಲ. ಕೂಸು ಹುಟ್ಟುತ್ತದೆ. ತಾಯಿ ಅದಕ್ಕೆ ಬಟ್ಟೆ ಸುತ್ತಿ, ದನಗಳಿಗೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸುತ್ತಾಳೆ.

ಅದೇ ಅಗಸ್ಟಸ್‌ನ ಹುಟ್ಟಿದ ದಿನದ ಬಗ್ಗೆಯೂ ಒಂದು ದಾಖಲೆ ಉಳಿದಿದೆ. ಇಂದಿನ ಟರ್ಕಿಯಲ್ಲಿರುವ ಪ್ರಿಯೇನೆ ಎಂಬ ಪುರಾತನ ಪಟ್ಟಣದಲ್ಲಿ ಸಿಕ್ಕ ಕ್ರಿ.ಪೂ. 9ರ ಶಾಸನವೊಂದು ಅವನನ್ನು ದೇವರೆಂದೇ ಕರೆದು, ಅವನು ಹುಟ್ಟಿದ ದಿನವೇ ಲೋಕಕ್ಕೆ ಶುಭವಾರ್ತೆಯ ಆರಂಭವೆಂದು ಸಾರುತ್ತದೆ. ಆ ಪ್ರಾಂತ್ಯದ ವರ್ಷವೇ ಅಂದಿನಿಂದ ಶುರುವಾಗಬೇಕೆಂದು ನಿರ್ಣಯವೂ ಆಯಿತು. ಲೂಕ ತನ್ನ ಕಥೆಯನ್ನು ಈ ಚಕ್ರವರ್ತಿಯ ಹೆಸರಿನಿಂದ ಆರಂಭಿಸಿದ್ದು ಸುಮ್ಮನೆ ಅಲ್ಲವೆಂದು ನನಗನಿಸುತ್ತದೆ. ಒಂದು ಕಡೆ ದಂಡು, ಕಂದಾಯ, ಸಿಂಹಾಸನದ ಬಲದಿಂದ ದೇವರ ಪಟ್ಟಕ್ಕೇರಿದ ಮನುಷ್ಯ. ಇನ್ನೊಂದು ಕಡೆ ಮನುಷ್ಯನಾಗಿ ಇಳಿದ ದೇವರು. ಅವನು ಆ ಚಕ್ರವರ್ತಿಯ ಲೆಕ್ಕದ ಪುಸ್ತಕದಲ್ಲಿ ಒಂದು ಹೆಸರಾಗಲು ಹುಟ್ಟಿದವನು.

ಆ ರಾತ್ರಿ ಬಯಲಿನಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ ದೇವದೂತ ಹೇಳಿದ ಗುರುತನ್ನು ಗಮನಿಸಿ. ಉದ್ಧಾರಕ ಹುಟ್ಟಿದ್ದಾನೆ, ಸರಿ. ಅವನನ್ನು ಪತ್ತೆ ಹಚ್ಚುವುದು ಹೇಗೆ? ಮುಖದಲ್ಲಿ ತೇಜಸ್ಸಿರುತ್ತದೆ, ಅಂಗೈಯಲ್ಲಿ ಶುಭಲಕ್ಷಣಗಳಿರುತ್ತವೆ ಎಂಬ ಮಾತೇ ಇಲ್ಲ. ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸು ಕಾಣುತ್ತದೆ, ಅದೇ ಗುರುತು. ಲೂಕ ಈ ಕಥೆ ಹೇಳುವ ಒಂದೇ ಅಧ್ಯಾಯದಲ್ಲಿ ಗೋದಲಿಯ ಪ್ರಸ್ತಾಪ ಮೂರು ಸಲ ಬರುತ್ತದೆ. ಬಡತನವೇ ಇಲ್ಲಿ ವಿಳಾಸ.

ಕ್ರಿಸ್ಮಸ್ಸನ್ನು ಒಬ್ಬ ಮಹಾಪುರುಷನ ಜಯಂತಿ ಎಂದುಕೊಂಡರೆ ವಿಷಯದ ಅರ್ಧ ಮಾತ್ರ ಕೈಗೆ ಸಿಕ್ಕಂತೆ. ಹುಟ್ಟಿದ ತಾರೀಖನ್ನು ಬೈಬಲ್ ಹೇಳುವುದೇ ಇಲ್ಲ. ಡಿಸೆಂಬರ್ 25 ಎಂಬುದು 354ರಲ್ಲಿ ಸಂಕಲಿಸಿದ ರೋಮಿನ ಪಂಚಾಂಗವೊಂದರಲ್ಲಿ ಕಾಣುತ್ತದೆ. ಕ್ರೈಸ್ತರಿಗೆ ತಾರೀಖಿಗಿಂತ ಮುಖ್ಯವಾದದ್ದು ಅಂದು ನಡೆಯಿತೆಂದು ಅವರು ನಂಬುವ ಸಂಗತಿ. ಆದಿಯಿಲ್ಲದ, ಅಂತ್ಯವಿಲ್ಲದ ದೇವರು ಒಬ್ಬ ಹೆಣ್ಣಿನ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಇದ್ದು ಹುಟ್ಟಿದ, ಹಾಲಿಗಾಗಿ ಅತ್ತ, ನಡೆಯಲು ಕಲಿತ, ಬೆಳೆದು ದುಡಿದ, ದಣಿದ, ಸತ್ತ. ಇದನ್ನು ಮನುಷ್ಯಾವತಾರ ಎನ್ನುತ್ತಾರೆ.

ಅವತಾರದ ಕಲ್ಪನೆ ಕನ್ನಡ ಓದುಗರಿಗೆ ಹೊಸದಲ್ಲ. ಧರ್ಮಕ್ಕೆ ಗ್ಲಾನಿ ಬಂದಾಗಲೆಲ್ಲ ತಾನು ಬರುವುದಾಗಿ ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಕೃಷ್ಣ ಹೇಳುತ್ತಾನೆ. ರಾಮನೂ ಹೆಂಡತಿಯನ್ನು ಕಳೆದುಕೊಂಡು ಕಾಡಿನಲ್ಲಿ ಗೋಳಾಡಿದವನೇ. ದೇವರು ಮನುಷ್ಯರ ನಡುವೆ ಬರಬಲ್ಲ ಎಂಬ ನಂಬಿಕೆ ಎರಡೂ ಕಡೆ ಇದೆ, ಮತ್ತು ಆ ಹೋಲಿಕೆ ಸಣ್ಣದಲ್ಲ. ಆದರೆ ಕ್ರೈಸ್ತರು ಹೇಳುವ ಮನುಷ್ಯಾವತಾರ ಯುಗಯುಗಕ್ಕೂ ಮರುಕಳಿಸುವಂಥದ್ದಲ್ಲ, ಒಮ್ಮೆ ಮಾತ್ರ ನಡೆದದ್ದು. ಇನ್ನೊಂದು ಮಾತು ಅನೇಕ ಕ್ರೈಸ್ತರಿಗೇ ನೆನಪಿರುವುದಿಲ್ಲ. ಹೀಗೆ ತೊಟ್ಟ ಮನುಷ್ಯತ್ವವನ್ನು ಕ್ರಿಸ್ತ ಕೆಲಸ ಮುಗಿದ ಮೇಲೆ ಕಳಚಿಡಲಿಲ್ಲ. ಸಭೆಯ ಬೋಧನೆಯ ಪ್ರಕಾರ ಪುನರುತ್ಥಾನ ಹೊಂದಿ ತಂದೆಯ ಬಳಿಗೇರಿದವನು ಇಂದಿಗೂ ಮನುಷ್ಯನೇ. ನಮ್ಮ ಮೈ, ನಮ್ಮ ಗಾಯದ ಗುರುತು ದೇವರ ಬದುಕಿನೊಳಗೆ ಶಾಶ್ವತವಾಗಿ ಸೇರಿಹೋಗಿವೆ.

ಇದನ್ನು ಒಪ್ಪಿಕೊಳ್ಳುವುದು ಮೊದಲ ಶತಮಾನಗಳ ಕ್ರೈಸ್ತರಿಗೂ ಸುಲಭವಾಗಿರಲಿಲ್ಲ. ದೇವರಿಗೆ ನಿಜವಾದ ಮೈ ಎಲ್ಲಿಯದು, ಅದು ಬರೀ ತೋರಿಕೆ ಎಂದರು ಕೆಲವರು. ಅಲೆಕ್ಸಾಂಡ್ರಿಯಾದ ಆರಿಯಸ್ ಎಂಬ ಪಾದ್ರಿ, ಕ್ರಿಸ್ತ ದೇವರ ಸೃಷ್ಟಿಗಳಲ್ಲಿ ಅತಿ ಶ್ರೇಷ್ಠ, ಆದರೂ ಸೃಷ್ಟಿಯೇ ಎಂದ. 325ರ ನಿಕಿಯಾ ಮಹಾಸಭೆ ಆರಿಯಸ್‌ನ ವಾದವನ್ನು ತಳ್ಳಿಹಾಕಿತು. 451ರಲ್ಲಿ ಕಲ್ಸೆದೋನ್ ಮಹಾಸಭೆ, ಕ್ರಿಸ್ತ ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು, ಈ ಎರಡು ಸ್ವಭಾವಗಳು ಒಂದರಲ್ಲೊಂದು ಕಲಸಿಹೋಗಿಲ್ಲ, ಒಂದರಿಂದೊಂದು ಬೇರ್ಪಟ್ಟೂ ಇಲ್ಲ ಎಂದು ಹೇಳಿತು. ಒಣ ಶಾಸ್ತ್ರಚರ್ಚೆಯಂತೆ ಕೇಳುವ ಈ ಜಗಳದ ಹಿಂದಿದ್ದ ಕಾಳಜಿ ಬಹಳ ಸರಳ. ಮನುಷ್ಯನಂತೆ ನಟಿಸಿದ ದೇವರಿಗೆ ನನ್ನ ಹಸಿವು ಗೊತ್ತಿರುವುದಿಲ್ಲ. ದೇವರಲ್ಲದ ದೂತನಿಗೆ ನನ್ನನ್ನು ಎತ್ತುವ ಶಕ್ತಿ ಇರುವುದಿಲ್ಲ.

ಈ ಇಳಿಯುವಿಕೆಯ ತಿರುಳನ್ನು ಅಪೊಸ್ತಲ ಪೌಲ ಫಿಲಿಪ್ಪಿ ಪಟ್ಟಣದ ಸಭೆಗೆ ಬರೆದ ಪತ್ರದಲ್ಲಿ ಹಿಡಿದಿಟ್ಟಿದ್ದಾನೆ. ಕ್ರಿಸ್ತ ದೇವಸ್ವರೂಪನಾಗಿದ್ದರೂ ಆ ಸಮಾನತೆಗೆ ಜೋತುಬೀಳದೆ ತನ್ನನ್ನು ಬರಿದು ಮಾಡಿಕೊಂಡ, ಆಳಿನ ರೂಪ ತಾಳಿದ ಎಂಬುದು ಅಲ್ಲಿನ ಮಾತಿನ ಸಾರ. ದೈವಶಾಸ್ತ್ರಜ್ಞರು ಇದನ್ನು ಕೆನೋಸಿಸ್ ಎಂದು ಕರೆಯುತ್ತಾರೆ. ಬರಿದು ಮಾಡಿಕೊಂಡ ಎಂದರೆ ದೈವತ್ವ ಕಳೆದುಕೊಂಡ ಎಂದಲ್ಲ. ಬಿಟ್ಟದ್ದು ದೊಡ್ಡಸ್ತಿಕೆಯನ್ನು, ಹಕ್ಕು ಚಲಾಯಿಸುವುದನ್ನು, ಮೇಲಿನಿಂದ ಆಳುವ ಸ್ಥಾನವನ್ನು. ಇಲ್ಲಿಗೆ ದೇವರ ಬಗೆಗಿನ ಕಲ್ಪನೆಯೇ ಬದಲಾಗುತ್ತದೆ. ಶಕ್ತಿ ತೋರಿಸುವುದು ದೇವರ ನಿಜಗುಣ, ಇಳಿದು ಬಂದದ್ದು ಒಂದು ದಿನದ ಔದಾರ್ಯ ಎಂದು ತಿಳಿಯಬೇಕಾಗಿಲ್ಲ. ತನ್ನನ್ನು ಕೊಟ್ಟುಕೊಳ್ಳುವುದೇ ಅವನ ನಿಜಗುಣ, ಗೋದಲಿಯಲ್ಲಿ ಅದು ಕಣ್ಣಿಗೆ ಬಿತ್ತು.

ಪೌಲ ಈ ಮಾತನ್ನು ಯಾವ ಸಂದರ್ಭದಲ್ಲಿ ಬರೆದ ಎಂಬುದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ಅವನಿದ್ದದ್ದು ಸೆರೆಯಲ್ಲಿ. ಫಿಲಿಪ್ಪಿಯ ಸಭೆಯಲ್ಲಿ ಮನಸ್ತಾಪಗಳಿದ್ದವು. ಪತ್ರದ ಕೊನೆಯ ಅಧ್ಯಾಯದಲ್ಲಿ ಯುವೊದ್ಯ ಮತ್ತು ಸುಂತುಕೆ ಎಂಬ ಇಬ್ಬರು ಹೆಂಗಸರ ಹೆಸರು ಹಿಡಿದು, ಒಂದೇ ಮನಸ್ಸಿನಿಂದಿರಿ ಎಂದು ಬೇಡಿಕೊಳ್ಳುತ್ತಾನೆ. ಇಬ್ಬರೂ ಅವನೊಂದಿಗೆ ಹೆಗಲು ಕೊಟ್ಟು ದುಡಿದವರು. ಕ್ರೈಸ್ತ ತತ್ತ್ವದ ಅತಿ ಎತ್ತರದ ಮಾತೊಂದು ಹುಟ್ಟಿದ್ದು ಸಭೆಯೊಳಗಿನ ಇಂಥ ಕಿತ್ತಾಟವನ್ನು ಬಗೆಹರಿಸಲು. ದೇವರೇ ತನ್ನ ಪಟ್ಟ ಬಿಟ್ಟು ಇಳಿದಿರುವಾಗ ನೀವು ಯಾವ ಪಟ್ಟ ಹಿಡಿದು ಕೂತಿದ್ದೀರಿ ಎಂಬ ಪ್ರಶ್ನೆ ಅದರೊಳಗಿದೆ.

ಹಬ್ಬದ ಆತ್ಮಿಕ ಸಿದ್ಧತೆ ಏನೆಂಬುದು ಇಲ್ಲಿಂದಲೇ ಹೊಳೆಯುತ್ತದೆ. ಬರುವವನು ಬರಿದಾಗಿ ಬರುತ್ತಿದ್ದಾನೆ; ಎದುರುಗೊಳ್ಳುವವರು ತುಂಬಿ ತುಳುಕುತ್ತಿದ್ದರೆ ಅವನಿಗೆ ಜಾಗವೆಲ್ಲಿ? ಪಾಶ್ಚಾತ್ಯ ಸಭೆಗಳಲ್ಲಿ ಇದಕ್ಕೆಂದೇ ಆಗಮನ ಕಾಲವಿದೆ. ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರ ಅದು ಆರಂಭವಾಗುತ್ತದೆ. ಕ್ರಿಸ್ಮಸ್ಸಿಗೆ ಮೊದಲು ನಾಲ್ಕು ಭಾನುವಾರಗಳು ಸಿಗುತ್ತವೆ. ಕಥೋಲಿಕ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಡುತ್ತಾರೆ. ಮೂರನೆಯ ಭಾನುವಾರ ಮಾತ್ರ, ಹಬ್ಬ ಹತ್ತಿರವಾಯಿತೆಂಬ ಸಂತೋಷಕ್ಕೆ, ಗುಲಾಬಿ ಬಣ್ಣಕ್ಕೂ ಅವಕಾಶವಿದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ನಲವತ್ತು ದಿನಗಳ ಉಪವಾಸ. ಕೇರಳದ ಸಿರಿಯನ್ ಕ್ರೈಸ್ತರು ಡಿಸೆಂಬರ್ 1ರಿಂದ ಹಿಡಿಯುವ ಇಪ್ಪತ್ತೈದು ದಿನದ ನೋಂಬು ಅದರದೇ ಬಳಗದ್ದು.

ಆಗಮನ ಕಾಲದ ಮೊದಲ ವಾರಗಳ ವಾಚನಗಳು ಕೂಸಿನ ಸುದ್ದಿಯನ್ನೇ ಎತ್ತುವುದಿಲ್ಲ. ಲೋಕಾಂತ್ಯ, ಎಚ್ಚರ, ಪಶ್ಚಾತ್ತಾಪ ಇವೇ ವಿಷಯ. ಬೆತ್ಲೆಹೇಮಿನಲ್ಲಿ ಬಂದವನು ಕೊನೆಯಲ್ಲಿ ನ್ಯಾಯ ತೀರಿಸಲು ಮತ್ತೆ ಬರುತ್ತಾನೆ. 12ನೆಯ ಶತಮಾನದ ಸಂತ ಬರ್ನಾರ್ಡ್ ಇವೆರಡರ ನಡುವೆ ಇನ್ನೊಂದು ಆಗಮನವನ್ನು ಗುರುತಿಸಿದರು. ಅದು ಕಣ್ಣಿಗೆ ಕಾಣದ್ದು, ದಿನನಿತ್ಯ ಮನುಷ್ಯರ ಒಳಗೆ ಆಗುವಂಥದ್ದು. ಸಿದ್ಧತೆಯ ಮಾತೆಲ್ಲ ನಿಜವಾಗಿ ಈ ನಡುವಿನ ಆಗಮನಕ್ಕೆ ಸೇರಿದ್ದು.

ಏನು ಮಾಡಬೇಕು? ಈ ಪ್ರಶ್ನೆಯನ್ನು ಸ್ನಾನಿಕ ಯೋಹಾನನ ಎದುರು ಜನ ನೇರವಾಗಿಯೇ ಕೇಳಿದ್ದರು. ಜೋರ್ಡಾನ್ ನದಿಯ ದಡದಲ್ಲಿ ನಿಂತು ಪ್ರಭುವಿನ ದಾರಿ ಸರಿಮಾಡಿ ಎಂದು ಕೂಗುತ್ತಿದ್ದ ಆ ವಿರಕ್ತ ಜಪತಪದ ಪಟ್ಟಿ ಕೊಡಲಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಊಟವಿದ್ದವನೂ ಹಾಗೆಯೇ ಮಾಡಲಿ ಎಂದ. ಸುಂಕದವರು ಬಂದು ಕೇಳಿದರು. ನಿಗದಿಯಾದದ್ದಕ್ಕಿಂತ ಒಂದು ಕಾಸೂ ಹೆಚ್ಚು ಎತ್ತಬೇಡಿ ಎಂದ. ಸಿಪಾಯಿಗಳು ಕೇಳಿದರು, ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ಸುಳ್ಳು ಆರೋಪ ಹೊರಿಸಬೇಡಿ, ಸಿಗುವ ಸಂಬಳದಲ್ಲಿ ತೃಪ್ತರಾಗಿರಿ ಎಂದ. ಯಾರಿಗೂ ಕೆಲಸ ಬಿಟ್ಟು ಕಾಡಿಗೆ ಬಾ ಎನ್ನಲಿಲ್ಲ ನೋಡಿ. ಇರುವ ಕೆಲಸದಲ್ಲೇ, ಇರುವ ಮನೆಯಲ್ಲೇ ಕೈ ಶುದ್ಧವಾಗಿಟ್ಟುಕೊಳ್ಳಿ ಎಂದ. ಲೂಕನ ಮೂರನೆಯ ಅಧ್ಯಾಯದ ಈ ಭಾಗವನ್ನು ಮೂರು ವರ್ಷಕ್ಕೊಮ್ಮೆ ಆಗಮನದ ಮೂರನೆಯ ಭಾನುವಾರ ಚರ್ಚುಗಳಲ್ಲಿ ಓದಲಾಗುತ್ತದೆ. ಬಾಡಿಗೆ, ಬಡ್ಡಿ, ಕೆಲಸದವರ ಕೂಲಿ, ಕಚೇರಿಯಲ್ಲಿ ಕೈ ಬದಲಾಗುವ ಹಣ, ಇವೆಲ್ಲ ಆತ್ಮಿಕ ಸಿದ್ಧತೆಯ ಒಳಗೇ ಬರುತ್ತವೆ. ಪಾಪನಿವೇದನೆಗೆ ಸಾಲಿನಲ್ಲಿ ನಿಂತವರು ಪ್ರಾರ್ಥನೆ ತಪ್ಪಿಸಿದ್ದನ್ನು ಮಾತ್ರ ಲೆಕ್ಕ ಹಾಕಿದರೆ ಯೋಹಾನನ ಮಾತು ಕಿವಿಗೆ ಬಿದ್ದಿಲ್ಲವೆಂದೇ ಅರ್ಥ.

ಆಗಮನ ಕಾಲದಲ್ಲಿ ಕಾಯುವುದೂ ಒಂದು ಸಾಧನೆ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಯಮನೆ ನಡೆಸುತ್ತಿದ್ದ ಪಾದ್ರಿ ಯೊಹಾನ್ ಹಿನ್‌ರಿಖ್ ವಿಖರ್ನ್ ಅವರನ್ನು ಮಕ್ಕಳು ಹಬ್ಬ ಯಾವಾಗ ಬರುತ್ತದೆಂದು ಪೀಡಿಸುತ್ತಿದ್ದರಂತೆ. ಅವರು ಹಳೆಯ ಗಾಡಿಚಕ್ರವೊಂದರ ಮೇಲೆ ವಾರದ ದಿನಗಳಿಗೆ ಚಿಕ್ಕ ಕೆಂಪು ಮೇಣದಬತ್ತಿ, ನಾಲ್ಕು ಭಾನುವಾರಗಳಿಗೆ ದೊಡ್ಡ ಬಿಳಿ ಮೇಣದಬತ್ತಿ ನಿಲ್ಲಿಸಿ ದಿನಕ್ಕೊಂದು ಹಚ್ಚಿಸಿದರು. ಇಂದು ನಮ್ಮ ಚರ್ಚುಗಳಲ್ಲಿ ಕಾಣುವ ನಾಲ್ಕು ಬತ್ತಿಗಳ ಹಸಿರು ವೃತ್ತ ಅದರ ಪೀಳಿಗೆಯದೇ. ಹಿಟ್ಲರನನ್ನು ವಿರೋಧಿಸಿ 1943ರಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆ ಸೇರಿದ ದೈವಶಾಸ್ತ್ರಜ್ಞ ಡೀಟ್ರಿಖ್ ಬೊನ್‌ಹೋಫರ್ ಸೆರೆಕೋಣೆಯೇ ಆಗಮನ ಕಾಲದ ಒಳ್ಳೆಯ ಚಿತ್ರ ಎಂದು ಗೆಳೆಯನಿಗೆ ಬರೆದರು. ಒಳಗಿರುವವನು ಏನೇ ಮಾಡಿದರೂ ಬಾಗಿಲು ತೆರೆಯಬೇಕಾದದ್ದು ಹೊರಗಿನಿಂದ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಕಾಯುವುದು ಆಲಸ್ಯವಲ್ಲವೆಂದು ತಿಳಿಯಲು ಅವರ ಆ ಎರಡು ವರ್ಷಗಳ ಪತ್ರಗಳನ್ನು ಓದಬೇಕು. ಬಿಡುಗಡೆ ತನ್ನ ಕೈಯಲ್ಲಿಲ್ಲವೆಂದು ಒಪ್ಪಿಕೊಂಡವನು ಎಷ್ಟು ಕೆಲಸ ಮಾಡಬಲ್ಲ ಎಂಬುದು ಅಲ್ಲಿ ಕಾಣುತ್ತದೆ.

ಹಾಗಾದರೆ ನಕ್ಷತ್ರದ ಗೂಡುದೀಪ, ಕೇಕು, ಕರಿದ ತಿಂಡಿ ಇವೆಲ್ಲ ವ್ಯರ್ಥ ಆಡಂಬರವೇ? ಡಿಸೆಂಬರ್ ಬಂದಾಗಲೆಲ್ಲ ಹೀಗೆ ಗದರಿಸುವ ಉಪದೇಶಕರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ದೇವರು ಮೈ ತಾಳಿದ ಎನ್ನುವ ಧರ್ಮ ಹಿಟ್ಟು, ಎಣ್ಣೆ, ಬಣ್ಣ, ಬೆಳಕುಗಳನ್ನು ಕೀಳೆನ್ನಲಾಗದು. 8ನೆಯ ಶತಮಾನದಲ್ಲಿ ಪವಿತ್ರ ಚಿತ್ರಗಳನ್ನು ನಾಶಮಾಡಹೊರಟವರ ಎದುರು ದಮಾಸ್ಕಸ್‌ನ ಯೋಹಾನ ಹೂಡಿದ ವಾದವೂ ಇದೇ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳನ್ನು ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ, ಸುರುಳಿ ಸುತ್ತಿ, ಗೆರೆ ಮೂಡಿದ ಕಿಡಿಯೊಗಳನ್ನು ಒಂದೊಂದಾಗಿ ಮೊರಕ್ಕೆ ಹಾಕಬೇಕು. ಆಮೇಲೆ ಕರಿದು ಸಕ್ಕರೆ ಪಾಕ ಹಿಡಿಸಬೇಕು. ಒಬ್ಬರಿಂದ ಮುಗಿಯುವ ಕೆಲಸವಲ್ಲ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಸುತ್ತ ಕೂರಬೇಕು. ನೆವ್ರಿ, ಗುಳಿಯೊ, ಚಕ್ಕುಲಿ ಜೊತೆ ಸೇರಿ ತಟ್ಟೆ ತುಂಬಿದಾಗ ಅದು ಹಿಂದೂ, ಮುಸ್ಲಿಂ ನೆರೆಮನೆಗಳಿಗೂ ಹೋಗುತ್ತದೆ. ಎರಡು ಅಂಗಿಯ ಉಪದೇಶ ಇಲ್ಲಿ ಅಡುಗೆಮನೆಗೆ ಬಂದಿದೆ. ತಿಂಡಿ ಮನೆಯವರ ಡಬ್ಬಿಯಲ್ಲೇ ಉಳಿದರೆ ಮಾತ್ರ ಉಪದೇಶಕರ ಗದರಿಕೆ ಸರಿ.

ಗೋದಲಿ ಕಟ್ಟುವ ಪದ್ಧತಿಗೂ ಇದೇ ಮಾತು. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚಿಯೊ ಎಂಬ ಬೆಟ್ಟದೂರಿನಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಹುಲ್ಲು ತರಿಸಿ, ನಿಜವಾದ ಎತ್ತು, ಕತ್ತೆಗಳನ್ನು ಕಟ್ಟಿಸಿ, ಗೋದಲಿಯ ಬಳಿಯಲ್ಲೇ ಬಲಿಪೂಜೆ ನಡೆಯುವಂತೆ ಏರ್ಪಾಡು ಮಾಡಿದರು. ದೇವರ ಮಗ ಎಷ್ಟು ಅನನುಕೂಲದಲ್ಲಿ ಮಲಗಿದ್ದ ಎಂಬುದನ್ನು ಊರಿನವರು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆಯಾಗಿತ್ತು. ಎಷ್ಟೋ ಕಥೋಲಿಕ ಮನೆಗಳಲ್ಲಿ ಇಂದಿಗೂ 24ರ ರಾತ್ರಿಯವರೆಗೆ ಗೋದಲಿಯನ್ನು ಖಾಲಿ ಬಿಡುತ್ತಾರೆ. ಮಕ್ಕಳು ಒಂದು ಒಳ್ಳೆಯ ಕೆಲಸಕ್ಕೆ ಒಂದರಂತೆ ಹುಲ್ಲುಕಡ್ಡಿ ತಂದು ಅದರಲ್ಲಿ ಹಾಕುವ ರೂಢಿಯೂ ಕೆಲವೆಡೆ ಇದೆ.

ಬೆತ್ಲೆಹೇಮಿನಲ್ಲಿ ಕ್ರಿಸ್ತ ಹುಟ್ಟಿದನೆಂದು ಹೇಳುವ ಗವಿಯ ಮೇಲೆ 4ನೆಯ ಶತಮಾನದಲ್ಲಿ ಕಟ್ಟಿ 6ನೆಯ ಶತಮಾನದಲ್ಲಿ ಪುನರ್ನಿರ್ಮಿಸಿದ ಚರ್ಚಿದೆ. ಅದರ ಮುಂಬಾಗಿಲ ಗೋಡೆಯಲ್ಲಿ ಹಳೆಯ ದೊಡ್ಡ ದ್ವಾರದ ಅಡ್ಡಗಲ್ಲು ಕಾಣುತ್ತದೆ, ಅದರ ಕೆಳಗೆ ಕ್ರುಸೇಡ್ ಕಾಲದ ಚೂಪು ಕಮಾನು, ಅದಕ್ಕೂ ಕೆಳಗೆ ಸುಮಾರು ನಾಲ್ಕಡಿ ಎತ್ತರದ ಕಿರುಬಾಗಿಲು. ಕುದುರೆ ಏರಿದವರು ಒಳನುಗ್ಗದಿರಲೆಂದು ದ್ವಾರವನ್ನು ಹೀಗೆ ಕಿರಿದು ಮಾಡುತ್ತ ಬಂದರೆಂದು ಹೇಳುತ್ತಾರೆ. ದೊಡ್ಡವರು ಯಾರೇ ಆಗಲಿ, ಒಳಗೆ ಹೋಗಲು ಸೊಂಟ ಬಗ್ಗಿಸಬೇಕು. ವಿನಯದ ಬಾಗಿಲೆಂದೇ ಅದಕ್ಕೆ ಹೆಸರು.

ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ ನಿನ್ನ ಮೇಲೆ ಸಹೋದರನಿಗೆ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನಲ್ಲಿಗೆ ಹೋಗು ಎಂದು ಯೇಸು ಮುಂದೆ ಬೆಟ್ಟದ ಮೇಲೆ ಬೋಧಿಸಿದ. ಆಸ್ತಿಯ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು, ಮದುವೆಯ ಕಾರಣಕ್ಕೆ ಮನೆಯಿಂದ ದೂರವಾದ ಮಗಳು, ಚರ್ಚಿನ ಸಮಿತಿಯ ಚುನಾವಣೆಯಲ್ಲಿ ಸೆಣಸಿ ಬೆನ್ನು ತಿರುಗಿಸಿದ ಗೆಳೆಯರು ನಮ್ಮ ಊರೂರಲ್ಲಿ ಇದ್ದಾರೆ. ಅವರಲ್ಲಿ ನೀವೂ ಒಬ್ಬರಾಗಿದ್ದರೆ ಮಧ್ಯರಾತ್ರಿಯ ಪೂಜೆಯ ತನಕ ಕಾಯಬೇಡಿ. ತಪ್ಪು ಯಾರದೆಂಬ ಲೆಕ್ಕವನ್ನು ಬದಿಗಿಟ್ಟು ಈ ವಾರವೇ ಅವರ ಮನೆಗೆ ಹೋಗಿ. ದೂರದಲ್ಲಿದ್ದರೆ ಫೋನ್ ಮಾಡಿ, ಮೊದಲ ಮಾತು ನೀವೇ ಆಡಿ.