ಮಾನದ ಅಡವು

ಸಾಲ ಕೊಟ್ಟವನಿಗೆ ತನ್ನ ಹಣ ಕೇಳುವ ಹಕ್ಕಿದೆ. ಕೇಳುವ ನೆಪದಲ್ಲಿ ಸಾಲಗಾರಳ ಹೆಸರನ್ನು ಓಣಿಯಲ್ಲಿ ಕೂಗುವ ಹಕ್ಕಿದೆಯೆ? "ಬಡ್ಡಿ ಬಗ್ಗೆ ಬರೀರಿ, ಭೂಮಿ ಬಗ್ಗೆ ಬರೀರಿ, ಈ ಖಾಸಗಿತನ ಅನ್ನೂದು ಪ್ಯಾಟಿ ಮಂದಿ ಮಾತು" ಎಂದು ನಮ್ಮ ಗೆಳೆಯರೇ ಕೆಲವರು ಅನ್ನುತ್ತಾರೆ. ನಿಜ, ಕೇರಿಯಲ್ಲಿ ಆ ಶಬ್ದ ಇಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಯಾರ ಒಲೆ ಹೊತ್ತಿತು, ಯಾರದು ಹೊತ್ತಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ "ಮನಿ ಮಾತು ಮನ್ಯಾಗ ಇರಲಿ" ಎಂದು ನಮ್ಮ ಅವ್ವಂದಿರು ಹೇಳಿದ್ದು ಮತ್ತೇನು? ಬಾಗಿಲಿಗೆ ಚಿಲಕ ಇದ್ದವರಿಗಿಂತ ಇಲ್ಲದವರಿಗೇ ಅದು ಹೆಚ್ಚು ಬೇಕು.

ಕಿರುಸಾಲದ ಕಂಪನಿಗಳು ಅಡವು ಕೇಳುವುದಿಲ್ಲ. ವರ್ಷಕ್ಕೆ 3 ಲಕ್ಷ ರೂಪಾಯಿಯೊಳಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಕಿರುಸಾಲ ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ. ಅದು ಕಾಗದದ ಮಾತು. ಹಳ್ಳಿಯಲ್ಲಿ ನಡೆಯುವುದು ಬೇರೆ. ಹತ್ತಿರದ ಹೆಣ್ಣುಮಕ್ಕಳನ್ನು ಒಂದು ಗುಂಪು ಮಾಡುತ್ತಾರೆ, ಒಬ್ಬಳ ಕಂತಿಗೆ ಉಳಿದವರನ್ನು ಹೊಣೆ ಮಾಡುತ್ತಾರೆ. ಕಂತಿನ ದಿನ ಎಲ್ಲರೂ ಒಂದು ಕಟ್ಟೆಯ ಮೇಲೆ ಕೂಡಬೇಕು. ಒಬ್ಬಳು ಬರಲಿಲ್ಲವೆಂದರೆ ಉಳಿದವರನ್ನೂ ಏಳಗೊಡುವುದಿಲ್ಲ. ಹೊಲದ ಕೂಲಿ ತಪ್ಪುತ್ತದೆ, ಮನೆಯಲ್ಲಿ ಕೂಸು ಅಳುತ್ತದೆ. ಆಗ ವಸೂಲಿಗೆ ಬಂದ ಹುಡುಗ ಬಾಯಿ ಬಿಡಬೇಕಾದ್ದೇ ಇಲ್ಲ. "ಏ ಯಕ್ಕಾ, ನಿನ್ನ ಸಲುವಾಗಿ ನಾವ್ಯಾಕ ಕುಂದರಬೇಕ?" ಎಂದು ನೆರೆಯವಳೇ ಬಾಗಿಲಿಗೆ ಹೋಗುತ್ತಾಳೆ. ಬಂಗಾರದ ಅಡವು ಇಲ್ಲ, ಹೊಲದ ಅಡವು ಇಲ್ಲ. ಮಾನದ ಅಡವು ಇದೆ. ಅದನ್ನು ಕಾಯುವ ಕೆಲಸಕ್ಕೆ ನಮ್ಮವರನ್ನೇ ಹಚ್ಚಿದ್ದಾರೆ, ಅದೂ ಪಗಾರ ಇಲ್ಲದೆ!

ಆ ನೆರೆಯವಳನ್ನು ನಾವು ಬಯ್ಯುವುದಿಲ್ಲ. ಇನ್ನೊಬ್ಬಳ ಕಂತು ತನ್ನ ಉಡಿಯಿಂದ ಹೋಗುವಾಗ ಸಿಟ್ಟು ಬರುವುದು ಸಹಜ. ಕಷ್ಟಕ್ಕೆ ಜೊತೆಯಾಗಬೇಕಾದ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬರಿಗೊಬ್ಬರು ಪೊಲೀಸರನ್ನಾಗಿ ಮಾಡಿದ ವ್ಯವಸ್ಥೆಯನ್ನು ಬಯ್ಯುತ್ತೇವೆ.

ಇದನ್ನು ತಡೆಯಲು ನಿಯಮಗಳಿಲ್ಲವೆ? ಇವೆ. ರಿಸರ್ವ್ ಬ್ಯಾಂಕಿನ 2022ರ ಅದೇ ನಿರ್ದೇಶನದ ಪ್ರಕಾರ ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ. ಬಯ್ಯುವಂತಿಲ್ಲ, ಬೆದರಿಸುವಂತಿಲ್ಲ. ಬಂಧುಗಳನ್ನು, ಗೆಳೆಯರನ್ನು, ಜೊತೆಯಲ್ಲಿ ದುಡಿಯುವವರನ್ನು ಕಾಡುವಂತಿಲ್ಲ. ಸಾಲಗಾರರ ಹೆಸರನ್ನು ಪ್ರಕಟಿಸುವಂತಿಲ್ಲ. ಫೋನಿನಲ್ಲೇ ಸಾಲ ಕೊಡುವ ಆಪ್‌ಗಳು ಸಾಲಗಾರರ ಫೋನಿನಲ್ಲಿರುವ ನಂಬರುಗಳ ಪಟ್ಟಿಗೆ ಕೈಹಾಕಬಾರದೆಂದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೊಂದು ಆದೇಶವೂ ಬಂತು. ಒಳ್ಳೆಯ ನಿಯಮಗಳೇ. ಆದರೆ ಬರೆದವರ ಕಣ್ಣ ಮುಂದೆ ಯಾವ ಮನುಷ್ಯ ಇದ್ದ ಎಂಬುದನ್ನು ನೋಡಬೇಕು.

ಹೊತ್ತಿನದೇ ಮಾತು ತೆಗೆದುಕೊಳ್ಳಿ. 9 ಗಂಟೆಗೆ ಹುನಗುಂದದ ಎರೆಹೊಲಕ್ಕೆ ಕೂಲಿಗೆ ಹೋಗುವವಳು ಮನೆ ಬಿಟ್ಟು ಎಷ್ಟೋ ಹೊತ್ತಾಗಿರುತ್ತದೆ. ನಿಯಮ ಒಪ್ಪಿದ ಹೊತ್ತಿನಲ್ಲಿ ಅವಳು ಮನೆಯಲ್ಲಿಲ್ಲ, ಅವಳು ಮನೆಯಲ್ಲಿರುವ ಹೊತ್ತನ್ನು ನಿಯಮ ಒಪ್ಪುವುದಿಲ್ಲ. ಹಾಗಾದರೆ ಹಣ ಕೇಳುವುದೆಲ್ಲಿ? ಗೊತ್ತುಮಾಡಿದ ಜಾಗಕ್ಕೆ ಸಾಲಗಾರಳು ಸತತ ಎರಡು ಸಲ ಬರದಿದ್ದರೆ ಅವಳ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು ಎಂದು ಅದೇ ನಿಯಮ ಬಾಗಿಲು ತೆರೆದಿದೆ. ಗುಮಾಸ್ತನಿಗೆ ಕೆಲಸದ ಜಾಗ ಎಂದರೆ ಒಂದು ಮೇಜು. ನಮ್ಮವಳಿಗೆ ಕೆಲಸದ ಜಾಗ ಎಂದರೆ ಗೌಡರ ಹೊಲ. ಇಳಕಲ್ಲಿನ ಕಡೆಯವನಿಗೆ ಕೆಂಪು ಕಲ್ಲಿನ ಕ್ವಾರಿ, ಅಲ್ಲಿ ಮೇಸ್ತ್ರಿ ನಿಂತಿರುತ್ತಾನೆ. ನೇಕಾರಳಿಗಂತೂ ಮನೆಯೇ ಕೆಲಸದ ಜಾಗ. ಮಗ್ಗದ ಸಪ್ಪಳ ನಿಂತರೆ ನೂಲಿಲ್ಲವೋ ಕೂಲಿಯಿಲ್ಲವೋ ಎಂದು ದಾರಿಯಲ್ಲಿ ಹೋಗುವವರಿಗೂ ತಿಳಿಯುತ್ತದೆ.

ಗೌಡರ ಹೊಲದ ಬದುವಿನ ಮೇಲೆ ವಸೂಲಿಯವನ ಮೋಟಾರ್ ಸೈಕಲ್ ನಿಂತಿತು ಅನ್ನಿ. ಅವನು ಬಯ್ಯಲಿಲ್ಲ, ನಿಯಮ ಮೀರಲಿಲ್ಲ. "ಎರಡು ಕಂತು ಬಾಕಿ ಅದಾವ್ರಿ" ಎಂದಷ್ಟೇ ಹೇಳಿ ಹೋದ. ಗೌಡರು ಕೇಳಿಸಿಕೊಂಡರು. "ಅಳಬ್ಯಾಡ, ನಾ ಕಟ್ತೀನಿ. ಸುಗ್ಗಿ ಮುಗಿಯೂತನಕ ನೀ ಮತ್ತ ನಿನ್ನ ಮಗಾ ಬ್ಯಾರೆ ಕಡೆ ಹೋಗಬ್ಯಾಡ್ರಿ, ಅಷ್ಟ." ಎಷ್ಟು ಮೆತ್ತಗಿನ ಮಾತು! ಜೀತ ಹುಟ್ಟುವುದು ಈ ಮೆತ್ತಗಿನ ಮಾತಿನಲ್ಲಿ. ಜೀತ ನಿರ್ಮೂಲನೆಯ ಕಾಯ್ದೆ 1976ರದು. ನಮ್ಮ ರಾಜ್ಯದ ಋಣ ಪರಿಹಾರ ಕಾಯ್ದೆಯೂ ಅದೇ ವರ್ಷದ್ದು, ದೇವರಾಜ ಅರಸರ ಕಾಲದ್ದು. ಸಾವುಕಾರನ ಪತ್ರಗಳನ್ನು ಆ ಕಾಯ್ದೆಗಳು ಮುಟ್ಟಿದವು. ಕಂಪನಿಯ ಸಾಲದ ಸುದ್ದಿ ಗೌಡರ ಕಿವಿಗೆ ಬಿದ್ದು ಹೊಸ ಋಣವಾಗುವುದಕ್ಕೆ ಪತ್ರವೇ ಬೇಕಿಲ್ಲ. ಆದ್ದರಿಂದ ನಾವು ಹೇಳುವುದು: ಬಡವಿಯ ಸಾಲದ ಸುದ್ದಿ ಬರೀ ಸುದ್ದಿಯಲ್ಲ, ಅವಳ ದುಡಿಮೆಯ ಮೇಲೆ ಹಿಡಿತ ಬೇಕಾದವರ ಕೈಗೆ ಕೊಟ್ಟ ಹಗ್ಗ.

ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಕ್ರಿ.ಶ. 700ರ ಸುಮಾರಿನದು. ಕನ್ನಡ ಕಲಿಸುವ ಮೇಷ್ಟ್ರುಗಳು ಅದನ್ನು ತ್ರಿಪದಿಗಾಗಿ ಪಾಠ ಮಾಡುತ್ತಾರೆ. ಅದರಲ್ಲೊಂದು ಸಂಸ್ಕೃತ ಶ್ಲೋಕವೂ ಇದೆ, ಮಾನ ಮುರಿಯುವುದಕ್ಕಿಂತ ಸಾವು ಮೇಲು ಎಂಬ ಅರ್ಥದ್ದು. ವೀರನ ಬಂಡೆಯ ಮೇಲೆ ಆ ಮಾತು ಒಪ್ಪಬಹುದು. ಆದರೆ ಅದು ಬಂಡೆಯಿಂದ ಇಳಿದು ಗುಡಿಸಲಿಗೆ ಬಂದಾಗ ಏನಾಗುತ್ತದೆ? 2025ರ ಜನವರಿಯಲ್ಲಿ ವಸೂಲಿಯ ಕಾಟಕ್ಕೆ ಜೀವ ಕಳೆದುಕೊಂಡವರ, ರಾತ್ರೋರಾತ್ರಿ ಊರು ಬಿಟ್ಟವರ ಸುದ್ದಿ ರಾಜ್ಯದ ಹಲವು ಜಿಲ್ಲೆಗಳಿಂದ ಬಂತು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ತಾಳಿ ಕಳಿಸಿದರು. ಆ ಶ್ಲೋಕವನ್ನು ಅವರಾರೂ ಓದಿರಲಾರರು. ಓದಬೇಕಾಗಿಯೂ ಇಲ್ಲ, ಅದು ನಮ್ಮ ಗಾಳಿಯಲ್ಲಿದೆ. ವಸೂಲಿ ಮಾಡುವವನಿಗೆ ಆ ಗಾಳಿಯೇ ಬಂಡವಾಳ. ಮಾನ ಹೋದರೆ ಬದುಕೇ ಇಲ್ಲ ಎಂದು ನಂಬಿದವಳ ಹತ್ತಿರ ಮಾತ್ರ ಮಾನ ತೆಗೆಯುವ ಬೆದರಿಕೆ ನಡೆಯುತ್ತದೆ. ಹಾಗಾಗಿ ಆ ಶ್ಲೋಕವನ್ನು ನಾವು ತಿರಸ್ಕರಿಸುತ್ತೇವೆ. ಶತಮಾನಗಟ್ಟಲೆ ಊರ ಹೊರಗಿಟ್ಟು ದಿನದಿನವೂ ಮಾನ ಕಿತ್ತುಕೊಂಡರೂ ಬದುಕಿ ಬಂದ ಜನ ನಾವು. ಎರಡು ಕಂತು ತಪ್ಪಿದ್ದಕ್ಕೆ ಯಾಕೆ ಸಾಯಬೇಕು?

ಇನ್ನೊಂದು ಕಡೆ ನೋಡಿ. ಬ್ಯಾಂಕುಗಳಿಗೆ ಕೋಟಿಗಟ್ಟಲೆ ಬಾಕಿ ಉಳಿಸಿದ ದೊಡ್ಡವರ ಹೆಸರು ಕೊಡಿ ಎಂದು ಮಾಹಿತಿ ಹಕ್ಕಿನಡಿ ಕೇಳಿದಾಗ, ಬ್ಯಾಂಕುಗಳು ನಂಬಿ ಒಪ್ಪಿಸಿದ ಗುಟ್ಟು, ಕೊಡಲಾಗದು ಎಂದು ವಾದಿಸಿದ್ದು ಇದೇ ರಿಸರ್ವ್ ಬ್ಯಾಂಕು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಬೇಕಾಯಿತು. ಎಂಥ ಸಂಕೋಚ! ದೊಡ್ಡವನ ಬಾಕಿಯಲ್ಲಿ ಸಾರ್ವಜನಿಕರ ದುಡ್ಡಿದೆ, ಅದು ಜನಕ್ಕೆ ಗೊತ್ತಾಗಲೇಬೇಕು. ನಮ್ಮವಳ ಕಂತು ತಪ್ಪಿದ್ದು ಜ್ವರದಿಂದಲೋ ಮಳೆ ಹೋದದ್ದರಿಂದಲೋ. ಅದರಿಂದ ಊರಿಗೆ ಏನಾಗಬೇಕಾಗಿದೆ?

ಖಾಸಗಿತನ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾಲಗಾರರನ್ನು ಹಿಂಬಾಲಿಸುವುದು, ಮನೆಗೆ ಪದೇಪದೇ ಎಡತಾಕುವುದು, ಅವಮಾನಿಸುವುದು, ಇವನ್ನೆಲ್ಲ ಅಪರಾಧ ಮಾಡಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ರಾಜ್ಯಪಾಲರು ಒಮ್ಮೆ ತಿರುಗಿಸಿ ಕಳಿಸಿದ ಮೇಲೆ ಒಪ್ಪಿಗೆ ಸಿಕ್ಕಿತು. ಆದರೆ ಠಾಣೆಯ ಮೆಟ್ಟಿಲು ಹತ್ತಲು ನಮ್ಮವಳಿಗೆ ತಡೆಯಾಗಿರುವುದೂ ಅದೇ ನಾಚಿಕೆ. ಹತ್ತಿದಳೆಂದರೆ ತಾನು ಸಾಲಗಾತಿ ಎಂದು ತಾನೇ ಹೇಳಬೇಕು.

ಇಲ್ಲಿ ಒಂದು ವ್ಯತ್ಯಾಸ ಮಾಡಿಕೊಳ್ಳಬೇಕು. ನಮ್ಮ ಸಾಲವನ್ನು ನಾವೇ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುವುದು ಬೇರೆ, ಇನ್ನೊಬ್ಬರು ನಮ್ಮನ್ನು ಸಾರುವುದು ಬೇರೆ. ಮೊದಲನೆಯದು ಸಂಘಟನೆಯ ಆರಂಭ. ಎರಡನೆಯದಕ್ಕೆ ಯಾರಿಗೂ ಅಪ್ಪಣೆ ಇಲ್ಲ.

ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ದೂರು ಕೇಳುವ ಅಧಿಕಾರಿಯ ಹೆಸರು, ಫೋನು ನಂಬರು ಅದರಲ್ಲಿರಬೇಕು ಎಂದೂ ನಿಯಮವಿದೆ. ಆ ಕಾರ್ಡು ಟ್ರಂಕಿನ ತಳದಲ್ಲಿ ಬಿದ್ದಿರುತ್ತದೆ. ಸಂಜೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರಾದವರು ಒಂದು ಓಣಿಗೆ ಹೋಗಿ, ಕೇಳಿದವರಿಗೆ ಅದನ್ನು ಓದಿ ಹೇಳಬಹುದು. ಕಂಪನಿ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ದೂರಿನ ನಂಬರು 14448. ಆದರೆ ಒಬ್ಬೊಬ್ಬರದನ್ನು ಬೇರೆಬೇರೆ ಕೂಡ್ರಿಸಿ ಓದಬೇಕು. ಯಾರ ಕಾರ್ಡಿನಲ್ಲಿ ಎಷ್ಟು ಬಾಕಿ ಎಂದು ಗಟ್ಟಿಯಾಗಿ ಓದಬಾರದು.