ಭರತನ ಜಿಂಕೆಯ ಮರಿ

ಮನೆಯಲ್ಲಿ ಸಾಕಿದ ಗಿನಿಪಿಗ್ ಸೊಪ್ಪು ತರುವ ಒಡೆಯನ ಹೆಜ್ಜೆಯ ಸಪ್ಪಳಕ್ಕೇ ಸಿಳ್ಳಿನಂತೆ ಕೂಗುತ್ತದೆ. ಅದು ಪ್ರೀತಿಯೋ, ಬರಿಯ ಹಸಿವೋ? ಶ್ರೀಮದ್ಭಾಗವತದ ಪಂಚಮಸ್ಕಂಧವನ್ನು ಬಲ್ಲವರು ಹಸಿವೆಂದು ತಳ್ಳಿಹಾಕಲಾರರು.

ಗಂಡಕೀ ನದಿಯಲ್ಲಿ ತೇಲಿಹೋಗುತ್ತಿದ್ದ ತಬ್ಬಲಿ ಜಿಂಕೆಮರಿಯನ್ನು ರಾಜರ್ಷಿ ಭರತನು ಎತ್ತಿ ತಂದು ಸಲಹಿದನು. ಅದರ ಲಾಲನೆಯಲ್ಲಿ ಅವನ ಯಮನಿಯಮಗಳೂ ಪೂಜೆಯೂ ಒಂದೊಂದಾಗಿ ಜಾರಿಹೋದವು. ಪ್ರವಚನಗಳಲ್ಲಿ ಸಾಮಾನ್ಯವಾಗಿ ಈ ಮೋಹದ ಮಾತೇ ಬರುತ್ತದೆ. ಜಿಂಕೆಯ ಮಾತು ಬಾರದು. ಭರತನ ಅಂತ್ಯಕಾಲದಲ್ಲಿ ಅದು ಮಗ್ಗುಲಲ್ಲಿದ್ದು ಮಗನಂತೆ ಶೋಕಿಸುತ್ತಿತ್ತೆಂದು ಭಾಗವತವು ಹೇಳುತ್ತದೆ. ಹುಲ್ಲು ನೀಡುವ ಕೈ ಆಗ ಸೋತಿತ್ತು. ಆದರೂ ಅದು ಕಾಡಿಗೆ ಓಡಲಿಲ್ಲ. ಒಂದೇ ಕಡೆಯ ಮೋಹವಾಗಿದ್ದರೆ, ರಾಜ್ಯವನ್ನೇ ತೊರೆದ ಆತನಿಗೆ ಅದನ್ನು ಕಡಿಯುವುದು ಇಷ್ಟು ಕಠಿನವಾಗುತ್ತಿರಲಿಲ್ಲವೇನೋ! ಅದನ್ನೇ ನೋಡುತ್ತ ದೇಹವನ್ನು ಬಿಟ್ಟು, ಭರತನು ತಾನೂ ಜಿಂಕೆಯಾಗಿ ಹುಟ್ಟಿದನು. ಪೂರ್ವಸ್ಮೃತಿ ಅಳಿದಿರಲಿಲ್ಲ. ಈ ಸಲ ತಾಯಿಯನ್ನೂ ತೊರೆದು ಕಾಲಂಜರದಿಂದ ಪುಲಹಾಶ್ರಮಕ್ಕೆ ಒಂಟಿಯಾಗಿ ಮರಳಿದನು.